ನಾಲ್ಕಡಿ ಸ್ಲಾಶರ್, ಐದಡಿ ಸ್ಲಾಶರ್, ಫ್ಲೇಲ್: ನಮ್ಮ ಬೀಳಿನಲ್ಲಿ ಓಡಿಸಿ ನೋಡಿದ್ದು

ನಾಗಮಂಗಲದ ಕಡೆ ನಮಗೆ ಮೂರೂವರೆ ಎಕರೆ ಬೀಳು ಇದೆ. ಕೆಂಪು ಮಣ್ಣು, ಎಲ್ಲಿ ನೋಡಿದರೂ ಬೆಣಚುಕಲ್ಲು, ಮಧ್ಯೆ ಮೂರು ಹುತ್ತ. ಪಕ್ಕದಲ್ಲಿ ಒಂದೂವರೆ ಎಕರೆ ತೆಂಗಿನ ತೋಟ. ಆರು ಹಸು, ಒಂದು ಜೊತೆ ಹಳ್ಳಿಕಾರ್ ಎತ್ತು, ಇಪ್ಪತ್ತು ಬನ್ನೂರು ಕುರಿ, ಎಲ್ಲಕ್ಕೂ ಇದೇ ಮೇವು. ಟ್ರ್ಯಾಕ್ಟರ್ ಸಣ್ಣದು, 24 ಎಚ್‌ಪಿ, ಫೋರ್ ವೀಲ್ ಡ್ರೈವ್.

ದನ ಮೇಯುವ ಜಾಗಕ್ಕೆ ಹುಲ್ಲು ಹೊಡೆಯುವ ಮಷೀನು ಯಾಕೆ ಅಂತ ಊರಲ್ಲಿ ಬಹಳ ಜನ ಕೇಳಿದರು. ದನ ಎಲ್ಲವನ್ನೂ ಮೇಯುವುದಿಲ್ಲ, ತೊಂದರೆ ಅಲ್ಲೇ ಇರುವುದು. ಗರಿಕೆ ಮತ್ತು ಎಳೆ ಹುಲ್ಲಿಗೆ ಮೊದಲು ಬಾಯಿ ಹಾಕುತ್ತವೆ. ತಗಚೆ, ಕಾಂಗ್ರೆಸ್ ಗಿಡ, ಬಲಿತು ಕಡ್ಡಿಯಾದ ಹುಲ್ಲು ಹಾಗೇ ನಿಲ್ಲುತ್ತದೆ. ನಿಂತದ್ದು ಬೀಜ ಉದುರಿಸುತ್ತದೆ. ಒಂದು ಕಾಂಗ್ರೆಸ್ ಗಿಡದಿಂದ ಸಾವಿರಾರು ಬೀಜ ಬೀಳುತ್ತದೆ. ಇದನ್ನು ತಿನ್ನಲಿ ಅಂತ 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋದ ಜೀರುಂಡೆ ಬಿಟ್ಟರು. ಮಳೆಗಾಲದಲ್ಲಿ ಅದು ನಮ್ಮ ಬೀಳಿನಲ್ಲೂ ಕಾಣುತ್ತದೆ, ಎಲೆ ತೂತು ಮಾಡುತ್ತದೆ. ಆದರೂ ತಪ್ಪಿಸಿಕೊಂಡು ಹೂ ಬಿಡುವ ಗಿಡಗಳೇ ಜಾಸ್ತಿ. ಹೂ ಬಿಡುವ ಮೊದಲು ಒಂದು ಸಲ, ಮತ್ತೆ ಚಿಗುರಿದ ಮೇಲೆ ಇನ್ನೊಂದು ಸಲ ಹೊಡೆದರೆ ಮಾತ್ರ ಹತೋಟಿಗೆ ಬರುತ್ತದೆ.

ರೊಟಾವೇಟರ್ ಹಾಕಿಬಿಡಿ ಅಂದವರೂ ಇದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ರೊಟಾವೇಟರ್ ಹುಲ್ಲು ಕೊಯ್ಯುವುದಿಲ್ಲ, ಮಣ್ಣನ್ನೇ ತಿರುವಿ ಹಾಕುತ್ತದೆ. ಮೇವಿನ ಹುಲ್ಲಿನ ಬೇರು ಕಿತ್ತು ಬರುತ್ತದೆ, ಮಣ್ಣು ಬರಿದಾಗುತ್ತದೆ, ಆ ಬರಿ ಮಣ್ಣಿಗೆ ಮೊದಲು ಬರುವುದು ಕಾಂಗ್ರೆಸ್ ಗಿಡವೇ. ಕೊನ್ನಾರಿ ಗಡ್ಡೆಯನ್ನಂತೂ ನಾವೇ ಹೊಲದ ತುಂಬ ಹಂಚಿದ ಹಾಗೆ ಆಗುತ್ತದೆ.

ಹಾಗಾಗಿ ಒಂದೇ ಮಳೆಗಾಲದಲ್ಲಿ, ಇದೇ ಬೀಳಿನಲ್ಲಿ, ಇದೇ ಟ್ರ್ಯಾಕ್ಟರಿಗೆ ನಾಲ್ಕು ಬಗೆಯ ಮಷೀನು ಕಟ್ಟಿ ನೋಡಿದೆ. ನಾಲ್ಕಡಿ ಸ್ಲಾಶರ್, ಅಂದರೆ ಕೆಳಗೆ ಬ್ಲೇಡು ಸುತ್ತಿ ಹುಲ್ಲು ಹೊಡೆಯುವ ಮಷೀನು, ಕೊಂಡದ್ದು. ಐದಡಿಯದು ನೆಂಟರದು, ಅವರ 45 ಎಚ್‌ಪಿ ಟ್ರ್ಯಾಕ್ಟರಿನದು. ರೋಲಿನ ತುಂಬ ಸಣ್ಣ ಬ್ಲೇಡು ಇರುವ ಫ್ಲೇಲ್ ಮೋವರ್ ಬಾಡಿಗೆಗೆ ತಂದೆ. ಕತ್ತರಿಯ ಹಾಗೆ ಕೊಯ್ಯುವ ಕಟ್ಟರ್ ಬಾರ್ ಎರಡು ದಿನದ ಮಟ್ಟಿಗೆ ಸಿಕ್ಕಿತ್ತು.

ಕಟ್ಟರ್ ಬಾರ್ ವಿಷಯ ಬೇಗ ಮುಗಿಸುತ್ತೇನೆ. ಕೊಯ್ದ ಹುಲ್ಲನ್ನು ಮೇವಿಗೆ ತೆಗೆದುಕೊಳ್ಳಬೇಕು ಅಂದರೆ ಇದಕ್ಕಿಂತ ಒಳ್ಳೆಯದಿಲ್ಲ. ಕುಡುಗೋಲಲ್ಲಿ ಕೊಯ್ದ ಹಾಗೆ ಬುಡದಲ್ಲಿ ಕತ್ತರಿಸಿ ಉದ್ದಕ್ಕೆ ಮಲಗಿಸುತ್ತದೆ. ಸ್ಲಾಶರ್ ಹೊಡೆದ ಹುಲ್ಲು ಚೂರಾಗಿ ಮಣ್ಣು ಮೆತ್ತಿಕೊಂಡಿರುತ್ತದೆ, ಹಸು ಮೂಸಿ ಬಿಡುತ್ತದೆ. ಕಟ್ಟರ್ ಬಾರಿಗೆ ಎಚ್‌ಪಿ ಕೂಡ ಕಡಿಮೆ ಸಾಕು. ಆದರೆ ನಮ್ಮ ಕಲ್ಲಿಗೆ ಅದು ತಡೆಯಲಿಲ್ಲ. ಮೊದಲ ದಿನವೇ ಹುತ್ತದ ಅಂಚಿಗೆ ತಾಗಿ ಎರಡು ಹಲ್ಲು ಹೋಯಿತು. ಹೆಣೆದುಕೊಂಡ ಗರಿಕೆಯಲ್ಲಿ ಪದೇ ಪದೇ ಕಟ್ಟಿಕೊಂಡಿತು. ಮಂಡ್ಯದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಿನ ಕಲ್ಲಿಲ್ಲದ ಗದ್ದೆಯಲ್ಲಿ ಮೇವು ಬೆಳೆಯುವವರಿಗೆ ಇದು ಸರಿ.

ಈಗ ಐದಡಿಯದು. ಅಂಗಡಿಯವರು ನನಗೆ ಕೊಡಲು ನೋಡಿದ್ದು ಇದನ್ನೇ. ಅಗಲ ಜಾಸ್ತಿ, ಸುತ್ತು ಕಡಿಮೆ, ಡೀಸೆಲ್ ಉಳಿಯುತ್ತದೆ ಅಂದರು. ಕೇಳಲು ಸರಿ ಅನಿಸುತ್ತದೆ ಅಲ್ವಾ? ಆದರೆ ಲೆಕ್ಕ ಹಾಕಿ ನೋಡಿ. ಬಲಿತ ಹುಲ್ಲಿಗೆ ಒಂದು ಅಡಿ ಅಗಲಕ್ಕೆ ಪಿಟಿಒದಲ್ಲಿ (ಟ್ರ್ಯಾಕ್ಟರಿನ ಹಿಂದೆ ಸುತ್ತುತ್ತಾ ಮಷೀನಿಗೆ ಎಂಜಿನ್ನಿನ ಬಲ ಕೊಡುವ ತುದಿ) ಸುಮಾರು 5 ಎಚ್‌ಪಿ ಬೇಕು ಎನ್ನುವುದು ಬಳಸಿದವರ ಲೆಕ್ಕ. ಐದಡಿಗೆ 25 ಆಯಿತು. ನನ್ನ ಎಂಜಿನ್ನೇ 24. ಪಿಟಿಒಗೆ ಬರುವಷ್ಟರಲ್ಲಿ ಅದು 20ರ ಹತ್ತಿರಕ್ಕೆ ಇಳಿದಿರುತ್ತದೆ.

ಮೊಣಕಾಲುದ್ದ ಹುಲ್ಲು ಇರುವ ಸಮ ಜಾಗದಲ್ಲಿ ಐದಡಿಯದು ಚೆನ್ನಾಗಿಯೇ ಓಡಿತು. ನಾಲೆಗೆ ಹತ್ತಿರದ ತಗ್ಗಿನಲ್ಲಿ ಗಿನಿ ಹುಲ್ಲು ಎದೆಯುದ್ದ ಬೆಳೆದಿತ್ತು. ಅಲ್ಲಿಗೆ ಹೋದ ಕೂಡಲೇ ಎಂಜಿನ್ ಉಸಿರು ಕಟ್ಟಿದ ಹಾಗೆ ಆಯಿತು. ಆರ್‌ಪಿಎಂ ಇಳಿದರೆ ಬ್ಲೇಡು ಕೊಯ್ಯುವುದಿಲ್ಲ, ಹುಲ್ಲನ್ನು ಬಡಿದು ಮಲಗಿಸುತ್ತದೆ. ಕೊನೆಗೆ ಲೋ ಗೇರಿನಲ್ಲಿ ಆಮೆ ನಡಿಗೆ. ಅಗಲದಲ್ಲಿ ಗಳಿಸಿದ್ದು ವೇಗದಲ್ಲಿ ಹೋಯಿತು. ಎಕರೆಗೆ ನಾಲ್ಕಡಿಗಿಂತ ಐದು ನಿಮಿಷ ಜಾಸ್ತಿಯೇ ಹಿಡಿಯಿತು.

ಅದಕ್ಕಿಂತ ನನಗೆ ಭಯ ಆದದ್ದು ತೂಕ. ಬದು ಹತ್ತುವಾಗ ಸ್ಲಾಶರ್ ಎತ್ತಿದರೆ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಮಾತು ಕೇಳುತ್ತಿರಲಿಲ್ಲ. ಹೈಡ್ರಾಲಿಕ್ ಎತ್ತುತ್ತದೆ, ನಿಜ. ಎತ್ತಿದ ಮೇಲೆ ಟ್ರ್ಯಾಕ್ಟರ್ ನೆಲಕ್ಕೆ ಅಂಟಿಕೊಂಡಿದೆಯಾ ಅನ್ನುವುದು ಬೇರೆ ಪ್ರಶ್ನೆ. ಇನ್ನೊಂದು, ಉಬ್ಬುತಗ್ಗಿನ ನೆಲದಲ್ಲಿ ಅಗಲದ ಮಷೀನು ಉಬ್ಬಿನ ಮೇಲೆ ಕೂತು ಒಂದು ಕಡೆ ಮಣ್ಣನ್ನೇ ಕೆರೆಯುತ್ತದೆ. ನಮ್ಮ ಬೀಳಿನಲ್ಲಿ ಹಾಗೆ ಬೋಳಾದ ಪಟ್ಟೆಗಳು ದೀಪಾವಳಿವರೆಗೂ ಚಿಗುರಲಿಲ್ಲ.

ನಾಲ್ಕಡಿಯದನ್ನು ಕೊಳ್ಳುವ ಮುಂಚೆ ಒಂದು ಅಳತೆ ತೆಗೆದುಕೊಂಡೆ. ನೀವೂ ತೆಗೆದುಕೊಳ್ಳಿ. ಹಿಂದಿನ ಎರಡು ಚಕ್ರಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿಯಿರಿ. ನನ್ನದು ಮೂರು ಅಡಿ ಒಂಬತ್ತು ಇಂಚು. ಸ್ಲಾಶರ್ ಅದಕ್ಕಿಂತ ಸ್ವಲ್ಪವಾದರೂ ಅಗಲ ಇರಬೇಕು. ಇಲ್ಲದಿದ್ದರೆ ಚಕ್ರ ತುಳಿದ ಹುಲ್ಲು ಮಲಗಿಬಿಡುತ್ತದೆ, ಬ್ಲೇಡಿಗೆ ಸಿಗುವುದಿಲ್ಲ, ಮಾರನೆಯ ದಿನ ಎದ್ದು ನಿಲ್ಲುತ್ತದೆ.

ಸ್ಲಾಶರ್ ಅಂದರೆ ಬಹಳ ಸರಳ ಮಷೀನು. ಮೇಲೆ ಒಂದು ಗೇರ್‌ಬಾಕ್ಸ್, ಕೆಳಗೆ ತಟ್ಟೆಯಂಥ ಒಂದು ಕಬ್ಬಿಣ, ಅದರ ಅಂಚಿಗೆ ಎರಡು ಬ್ಲೇಡು. ಬ್ಲೇಡು ಬಿಗಿಯಾಗಿ ಕೂತಿರುವುದಿಲ್ಲ, ಬೋಲ್ಟಿನ ಮೇಲೆ ತೂಗಾಡುತ್ತದೆ. ಕಲ್ಲು ತಾಗಿದರೆ ಹಿಂದಕ್ಕೆ ಮಡಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ತಟ್ಟೆ ಮೊಂಡು ಬೇರಿನ ಮೇಲೆ ಜಾರಿ ಹೋಗುತ್ತದೆ. ಕಲ್ಲಿನ ನೆಲಕ್ಕೆ ಇದು ಹೊಂದುವುದು ಈ ಕಾರಣಕ್ಕೆ. ಪಿಟಿಒ ನಿಮಿಷಕ್ಕೆ 540 ಸಲ ಸುತ್ತಿದರೆ ನನ್ನ ಮಷೀನಿನ ಬ್ಲೇಡು ಸಾವಿರದ ಹತ್ತಿರ ಸುತ್ತುತ್ತದೆ. ಎರಡಡಿ ಉದ್ದದ ತೋಳಿನ ತುದಿಗೆ ಆ ವೇಗ ಗಂಟೆಗೆ 200 ಕಿಲೋಮೀಟರಿಗೂ ಮೇಲೆ ಬರುತ್ತದೆ. ಅದಕ್ಕೆ ಸಿಕ್ಕಿದ ಬೆಣಚುಕಲ್ಲು ಗುಂಡಿನ ಹಾಗೆ ಹಾರುತ್ತದೆ. ಹಿಂದೆ ಮುಂದೆ ಚೈನು ಇಳಿಬಿಟ್ಟಿರುವ ಮಷೀನನ್ನೇ ತೆಗೆದುಕೊಳ್ಳಿ. ಚೈನು ಇದ್ದರೂ ನೂರು ಮೀಟರ್ ಒಳಗೆ ಮಕ್ಕಳು, ಕುರಿ ಇರಬಾರದು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ಮೊದಲ ವಾರ ಮೂರು ಶಿಯರ್ ಬೋಲ್ಟ್ ಕತ್ತರಿಸಿತು. ಟಣ್ ಅಂತ ಒಂದು ಸದ್ದು, ಪಿಟಿಒದಿಂದ ಮಷೀನಿಗೆ ಹೋಗುವ ಶಾಫ್ಟು ಸುಮ್ನೆ ಸುತ್ತುತ್ತದೆ, ಬ್ಲೇಡು ನಿಲ್ಲುತ್ತದೆ. ಅದು ಮುರಿಯುವುದಕ್ಕೇ ಇರುವ ಬೋಲ್ಟು, ಗೇರ್‌ಬಾಕ್ಸ್ ಉಳಿಯಲಿ ಅಂತ. ನಾಲ್ಕನೆಯ ಸಲ ಪೇಟೆಯ ಅಂಗಡಿಯಲ್ಲಿ "ಇದು ಮುರಿಯಲ್ಲ ಬಿಡಿ" ಅಂತ ಬೇರೆ ಬೋಲ್ಟು ಕೊಟ್ಟರು. ತಲೆಯ ಮೇಲೆ 8.8 ಅಂತ ಇತ್ತು. ಅದು ಗಟ್ಟಿ ಬೋಲ್ಟಿನ ಗುರುತು ಅಂತ ಆಗ ನನಗೆ ಗೊತ್ತಿರಲಿಲ್ಲ. ಮುಂದಿನ ಕಲ್ಲಿಗೆ ಬೋಲ್ಟು ನಿಂತಿತು, ಶಾಫ್ಟಿನ ಕ್ರಾಸ್ ಜಾಯಿಂಟ್ ಹೋಯಿತು. ಆಮೇಲೆ ಸ್ಲಿಪ್ ಕ್ಲಚ್ ಇರುವ ಶಾಫ್ಟ್ ಹಾಕಿಸಿದೆ. ಕಲ್ಲು ತಾಗಿದರೆ ಪ್ಲೇಟು ಜಾರುತ್ತದೆ, ಇಳಿದು ಬೋಲ್ಟು ಹುಡುಕುವ ಕೆಲಸ ಇಲ್ಲ. ಆದರೆ ಬೇಸಿಗೆಯಲ್ಲಿ ಕೊಟ್ಟಿಗೆಯಲ್ಲಿ ನಿಂತರೆ ಪ್ಲೇಟು ತುಕ್ಕು ಹಿಡಿದು ಒಂದಕ್ಕೊಂದು ಅಂಟುತ್ತದೆ. ಹಂಗಾಮಿನ ಮೊದಲ ದಿನ ನಟ್ಟು ಸಡಿಲಿಸಿ, ಎರಡು ಮೂರು ಸೆಕೆಂಡು ಜಾರಿಸಿ, ಮತ್ತೆ ಪುಸ್ತಕದಲ್ಲಿ ಹೇಳಿದಷ್ಟೇ ಬಿಗಿ ಮಾಡಬೇಕು.

ಇನ್ನು ಯಾರೂ ನನಗೆ ಮೊದಲೇ ಹೇಳದ ಒಂದು ಮಾತು. ಎರಡನೆಯ ದಿನ ಸಂಜೆ ಬದುವಿನ ಕಡೆ ಹೋಗುತ್ತಿದ್ದೆ. ಆ ಕಡೆ ಐದಡಿ ಇಳಿಜಾರು, ಕೆಳಗೆ ಕಾಲುವೆ. ತಿರುಗಿಸೋಣ ಅಂತ ಕ್ಲಚ್ ಪೂರ್ತಿ ಒತ್ತಿದೆ. ಟ್ರ್ಯಾಕ್ಟರ್ ನಿಲ್ಲಲಿಲ್ಲ. ಕಾಲು ಕ್ಲಚ್ ಮೇಲೆ ಇದೆ, ಗಾಡಿ ಮುಂದಕ್ಕೆ ಹೋಗುತ್ತಲೇ ಇದೆ. ಬ್ರೇಕು ತುಳಿದು, ಸ್ಟೇರಿಂಗ್ ಎಳೆದು, ಬದುವಿನ ಮಣ್ಣಿಗೆ ಮುಂದಿನ ಚಕ್ರ ಕೊಟ್ಟು ನಿಲ್ಲಿಸಿದೆ. ಇಳಿದಾಗ ಕೈ ನಡುಗುತ್ತಿತ್ತು.

ಕಾರಣ ಇಷ್ಟೇ. ನನ್ನದು ಸಿಂಗಲ್ ಕ್ಲಚ್ ಟ್ರ್ಯಾಕ್ಟರ್. ಪಿಟಿಒ, ಚಕ್ರ ಎರಡೂ ಒಂದೇ ಕ್ಲಚ್ಚಿನ ಹಿಂದೆ ಇವೆ. ಕ್ಲಚ್ ಒತ್ತಿದರೆ ಎಂಜಿನ್ ಬೇರೆಯಾಗುತ್ತದೆ, ಆದರೆ ಸುತ್ತುತ್ತಿರುವ ಭಾರದ ಬ್ಲೇಡು ಶಾಫ್ಟಿನ ಮೂಲಕ ಗೇರಿಗೆ, ಗೇರಿನಿಂದ ಚಕ್ರಕ್ಕೆ ತಳ್ಳುತ್ತಲೇ ಇರುತ್ತದೆ. ಇದಕ್ಕೆ ಓವರ್‌ರನಿಂಗ್ ಕಪ್ಲಿಂಗ್ ಅಂತ ಬರುತ್ತದೆ, ಪಿಟಿಒ ತುದಿಗೆ ಹಾಕುವ ಗೇಣುದ್ದದ ಒಂದು ತುಂಡು. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಎಂಜಿನ್ ಬ್ಲೇಡನ್ನು ತಿರುಗಿಸಬಹುದು, ಬ್ಲೇಡು ಟ್ರ್ಯಾಕ್ಟರನ್ನು ತಳ್ಳಲಾರದು. ಪಿಟಿಒಗೆ ಬೇರೆ ಕ್ಲಚ್ ಇರುವ ಟ್ರ್ಯಾಕ್ಟರಾದರೆ ಈ ತೊಂದರೆ ಇಲ್ಲ. ಸಿಂಗಲ್ ಕ್ಲಚ್ ಇದ್ದರೆ ಈ ತುಂಡು ಇಲ್ಲದೆ ಸ್ಲಾಶರ್ ಕಟ್ಟಬೇಡಿ. ಹಾಕಿಸಿದ ಮೇಲೆ ಶಾಫ್ಟನ್ನು ಅಷ್ಟೇ ಉದ್ದ ಕಡಿಮೆ ಮಾಡಿಸಿ. ಇಲ್ಲದಿದ್ದರೆ ಮಷೀನು ಎತ್ತಿದಾಗ ಶಾಫ್ಟು ಒತ್ತಿಕೊಂಡು ಗೇರ್‌ಬಾಕ್ಸಿಗೆ ಗುದ್ದುತ್ತದೆ.

ನಾಲ್ಕಡಿಯದರಲ್ಲಿ ಕೊಯ್ಯುವ ಎತ್ತರ ಐದು ಇಂಚು ಇಟ್ಟುಕೊಂಡಿದ್ದೇನೆ. ಮಷೀನಿನ ಮುಂಭಾಗ ಹಿಂಭಾಗಕ್ಕಿಂತ ಮುಕ್ಕಾಲು ಇಂಚು ಕೆಳಗೆ ಇರಬೇಕು. ಹಿಂದೆ ತಗ್ಗಿದ್ದರೆ ಕೊಯ್ದ ಹುಲ್ಲನ್ನೇ ಮತ್ತೆ ಮತ್ತೆ ಕೊಯ್ಯುತ್ತದೆ, ಎಂಜಿನ್ ಸುಮ್ಮನೆ ದಣಿಯುತ್ತದೆ. ಬ್ಲೇಡನ್ನು ಕುಲುಮೆಯಲ್ಲಿ ಮಸೆಸುವಾಗ ಚಾಕುವಿನಷ್ಟು ಚೂಪು ಬೇಡ ಅನ್ನಿ, ಒಂದೂವರೆ ಮಿಲಿಮೀಟರ್ ದಪ್ಪ ಅಂಚು ಉಳಿಯಲಿ. ಎರಡೂ ಬ್ಲೇಡಿನ ತೂಕ ಒಂದೇ ಇರಬೇಕು. ಕೊಯ್ದ ಹುಲ್ಲಿನ ತುದಿ ಕೈಗೆತ್ತಿಕೊಂಡು ನೋಡಿದರೆ ಮೊಂಡಾಗಿದೆಯಾ ಗೊತ್ತಾಗುತ್ತದೆ. ಚೂಪಿದ್ದರೆ ತುದಿ ನೇರ, ಹಸಿರು. ಮೊಂಡಾಗಿದ್ದರೆ ನಾರು ಬಿಚ್ಚಿಕೊಂಡು ಮೂರು ದಿನಕ್ಕೆ ಬಿಳಿಚಿ ಒಣಗುತ್ತದೆ. ನಮಗೆ ಎಕರೆಗೆ ಒಂದು ಗಂಟೆ ಇಪ್ಪತ್ತು ನಿಮಿಷ, ನಾಲ್ಕು ಲೀಟರ್ ಡೀಸೆಲ್ ಆಗುತ್ತಿದೆ.

ಫ್ಲೇಲ್ ಮೋವರ್ ಬೇರೆಯೇ ಜಾತಿ. ಅಡ್ಡಲಾಗಿ ಒಂದು ರೋಲು, ಅದರ ತುಂಬ ಸಣ್ಣ ಸಣ್ಣ ವೈ ಆಕಾರದ ಬ್ಲೇಡು, ಬೆಲ್ಟಿನಲ್ಲಿ ಓಡುತ್ತದೆ, ಹಿಂದೆ ನೆಲಕ್ಕೆ ಉರುಳುವ ರೋಲರ್. ಕೆಲಸ ನೋಡಿದರೆ ಕಣ್ಣಿಗೆ ಹಬ್ಬ. ಸ್ಲಾಶರ್ ಹುಲ್ಲನ್ನು ಸಾಲಾಗಿ ರಾಶಿ ಬಿಡುತ್ತದೆ, ಕೆಳಗಿನ ಹುಲ್ಲು ಹಳದಿಯಾಗುತ್ತದೆ. ಫ್ಲೇಲ್ ಪುಡಿ ಮಾಡಿ ಸಮನಾಗಿ ಹರಡುತ್ತದೆ. ಕಲ್ಲು ಹಾರುವುದೂ ಬಹಳ ಕಡಿಮೆ, ಹಾರಿದರೂ ಹುಡ್ಡಿನ ಒಳಗೇ ಬಡಿಯುತ್ತದೆ.

ಆದರೆ ನಮ್ಮ ಬೀಳಿನಲ್ಲಿ ಎಕರೆಗೆ ಒಂದು ಮುಕ್ಕಾಲು ಗಂಟೆ ಹಿಡಿಯಿತು. ಎದೆಯುದ್ದದ ಗಿನಿ ಹುಲ್ಲಿಗೆ ಎರಡು ಸಲ ಹೋಗಬೇಕಾಯಿತು. ಬೆಳಗಿನ ಇಬ್ಬನಿಯಲ್ಲಿ ಬೆಲ್ಟು ಜಾರಿ ಸುಟ್ಟ ವಾಸನೆ ಬಂತು. ಎರಡು ಬ್ಲೇಡು ಕಲ್ಲಿಗೆ ಮುರಿದ ಕೂಡಲೇ ಸೀಟಿನವರೆಗೂ ಅದುರಿತು. ಒಂದು ಮುರಿದರೆ ಎದುರಿನದನ್ನೂ ಬದಲಿಸಬೇಕು, ಇಲ್ಲದಿದ್ದರೆ ರೋಲಿನ ಬೇರಿಂಗು ಹೋಗುತ್ತದೆ. ಬೆಲೆ ಕೇಳಿದಾಗ ನನ್ನ ಸ್ಲಾಶರಿನ ಎರಡರಷ್ಟು ಹತ್ತಿರ ಹೇಳಿದರು.

ತೆಂಗಿನ ತೋಟದಲ್ಲಿ ಮಾತ್ರ ಫ್ಲೇಲ್ ಮುಂದೆ ಸ್ಲಾಶರ್ ನಿಲ್ಲಲಿಲ್ಲ. ಮನೆ ಹತ್ತಿರ, ಕೊಟ್ಟಿಗೆ ಹತ್ತಿರ, ಜನ ಓಡಾಡುವ ಜಾಗ. ಅಲ್ಲಿ ಕಲ್ಲು ಹಾರುವ ಮಷೀನು ಓಡಿಸಲು ನನಗೆ ಮನಸ್ಸಿಲ್ಲ. ಪಕ್ಕಕ್ಕೆ ಸರಿಸುವ ವ್ಯವಸ್ಥೆ ಇದ್ದರೆ ಮರದ ಬುಡದ ತನಕ ಹೋಗಬಹುದು. ಬಿದ್ದ ಸೋಗೆಯ ಗರಿಯೆಲ್ಲ ಪುಡಿಯಾಗಿ ಅಲ್ಲೇ ಮುಚ್ಚಿಗೆಯಾಯಿತು. ದಪ್ಪ ಮಟ್ಟೆಯನ್ನು ಮಾತ್ರ ಮೊದಲೇ ಆರಿಸಿ ಹಾಕಿ, ಈ ಅಳತೆಯ ಮಷೀನಿಗೆ ಅದು ಆಗುವುದಿಲ್ಲ. ಬೇಲಿಯಂಚಿಗೆ ಕೈಯಲ್ಲಿ ಹಿಡಿಯುವ ಬ್ರಷ್ ಕಟ್ಟರ್ ಹೇಗಿದ್ದರೂ ಬೇಕು.

ನನ್ನ ದುಡ್ಡು ಹೋದದ್ದು ನಾಲ್ಕಡಿ ಸ್ಲಾಶರಿಗೆ. ಇವತ್ತು ಮತ್ತೆ ಕೊಳ್ಳಬೇಕಾದರೂ ಅದನ್ನೇ ಕೊಳ್ಳುತ್ತೇನೆ, ಮೊದಲ ದಿನವೇ ಸ್ಲಿಪ್ ಕ್ಲಚ್ ಮತ್ತು ಓವರ್‌ರನಿಂಗ್ ಕಪ್ಲಿಂಗ್ ಸೇರಿಸಿ. ನೆಲದಲ್ಲಿ ಕಲ್ಲಿಲ್ಲ, ಹುಲ್ಲು ಮೊಣಕಾಲು ದಾಟುವ ಮೊದಲೇ ಹೊಡೆಯುತ್ತೇನೆ ಅನ್ನುವವರು ಫ್ಲೇಲ್ ಕಡೆ ಹೋಗಬಹುದು. ಸಹಾಯಧನ ಯಾವುದಕ್ಕೆ ಇದೆ ಅಂತ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಹೋದ ವರ್ಷ ಚಿತ್ತೆ ಮಳೆ ಬಿಟ್ಟ ಮೇಲೆ ಹೊಡೆದ ಜಾಗಕ್ಕೆ ಮೂರು ವಾರ ಬಿಟ್ಟು ಹಸು ಬಿಟ್ಟೆ. ತಗಚೆ ಇದ್ದ ಕಡೆ ಗರಿಕೆ ಹಬ್ಬಿತ್ತು. ಹಸುಗಳು ತಲೆ ಎತ್ತದೆ ಒಂದೇ ಸಮ ಮೇಯುತ್ತಾ ಹೋದವು. ಫ್ಲೇಲ್ ಆಸೆ ನನಗೆ ಹೋಗಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರ ತೆಂಗಿನ ತೋಟ ಸೇರಿದರೆ ಏಳು ಎಕರೆ ಆಗುತ್ತದೆ. ಎಲ್ಲರೂ ಸೇರಿ ಒಂದು ತರುವ ಮಾತು ನಡೆದಿದೆ. ಬೆಲ್ಟು ಬ್ಲೇಡಿನ ಖರ್ಚು ಯಾರು ಎಷ್ಟು ಕೊಡಬೇಕು ಅನ್ನುವುದೊಂದು ತೀರ್ಮಾನ ಆಗಬೇಕು.