ದಾವಣಗೆರೆಯಲ್ಲಿ ಒಂದು ವರ್ಷ ಟಿಯಾಗೊ ಇವಿ: ಖರ್ಚು ಎಷ್ಟು?

ಪೆಟ್ರೋಲ್ ಕಾರು ಮಾರಿ ಟಾಟಾದ ಈ ಎಲೆಕ್ಟ್ರಿಕ್ ಕಾರು ತಗೊಂಡು ವರ್ಷವಾಯಿತು. ಚಿತ್ರದುರ್ಗಕ್ಕೆ ಹೋಗಿ ಬಂದರೆ ಸುಮಾರು 120 ಕಿ.ಮೀ. ಹಳೇ ಕಾರು ಲೀಟರಿಗೆ 16 ಕೊಡುತ್ತಿತ್ತು, ಅಂದರೆ ಏಳೂವರೆ ಲೀಟರ್, ಲೀಟರಿಗೆ ನೂರು ಅಂತ ಹಿಡಿದರೂ 750 ರೂಪಾಯಿ ಸುಮ್ನೆ ಹೊಗೆ. ಈಗ ಯೂನಿಟ್ಟಿಗೆ 7 ಕಿ.ಮೀ. ಬರುತ್ತದೆ, ಮನೆ ಕರೆಂಟು ಯೂನಿಟ್ಟಿಗೆ 6 ರೂಪಾಯಿ ಅಂದುಕೊಂಡರೆ, ಚಾರ್ಜ್ ಆಗುವಾಗ ಪೋಲಾಗುವುದೂ ಸೇರಿ 120 ದಾಟುವುದಿಲ್ಲ. ಉಳಿದದ್ದರಲ್ಲಿ ಮನೆಮಂದಿಗೆಲ್ಲ ಬೆಣ್ಣೆ ದೋಸೆ ಆಗುತ್ತದೆ, ಅಲ್ವಾ?

ಆದರೆ ಹೆದ್ದಾರಿಯ ಫಾಸ್ಟ್ ಚಾರ್ಜರ್ ನಂಬಿದರೆ ಲೆಕ್ಕವೇ ಬೇರೆ. ದರ ಮನೆಗಿಂತ ಎಷ್ಟೋ ಜಾಸ್ತಿ, ಮೇಲೆ 18% ಜಿಎಸ್‌ಟಿ. ಒಮ್ಮೆ ಒಂದು ಕಡೆ ಚಾರ್ಜರ್‌ನ ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಕೆಟ್ಟು, ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಒಂದು ಗಂಟೆ ಹೊತ್ತು ಕಾದೆ. ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇಲ್ಲದವರು ಸದ್ಯಕ್ಕೆ ಪೆಟ್ರೋಲ್ ಕಾರೇ ಇಟ್ಟುಕೊಳ್ಳಿ.