ಏಳು ದಿನದ ನೋವಿನ ಪ್ಯಾಚ್: ಮುಂಬಯಿ ಬೆವರಿಗೆ ನಿಲ್ಲುತ್ತದೆಯೇ?

ಬೆನ್ನುಮೂಳೆ ಸವೆದು, ಮಂಡಿ ಕೀಲು ಹೋಗಿ, ಆಪರೇಷನ್ನಿಗೂ ಮೈ ಒಗ್ಗದವರಿಗೆ ಪೇನ್ ಕ್ಲಿನಿಕ್‌ನವರು ಬರೆದುಕೊಡುವ ಔಷಧಗಳಲ್ಲಿ ಮಾರ್ಫಿನ್ ಬಳಗದ (ಓಪಿಯಾಯ್ಡ್) ಬುಪ್ರೆನಾರ್ಫಿನ್ ಪ್ಯಾಚ್ ಒಂದು. ಗಂಟೆಗೆ 5, 10, 20 ಮೈಕ್ರೋಗ್ರಾಂ ಎಂದು ಮೂರು ಅಳತೆಯಲ್ಲಿ ಬರುತ್ತದೆ. ಒಮ್ಮೆ ಅಂಟಿಸಿದರೆ ಏಳು ದಿನ. ಔಷಧಕ್ಕೆ ಧಾರಾಳವಾಗಿ ಅಂಕ ಕೊಡಬಹುದು, ಅಂಟಿಗೆ ಅಷ್ಟಿಲ್ಲ. ಡಬ್ಬಿಯೊಳಗಿನ ಕಾಗದಕ್ಕಂತೂ ಸೊನ್ನೆ: ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ, ಭೂತಗನ್ನಡಿ ಹಿಡಿದರೂ ಹಿರಿಯರಿಗೆ ಓದಲಾಗದು. ಅದರಲ್ಲಿರುವುದನ್ನೂ ಇಲ್ಲದ್ದನ್ನೂ ಇಲ್ಲಿ ಬಿಡಿಸಿ ಹೇಳಿದೆ.

ಮೊದಲ ದೂರು ಯಾವಾಗಲೂ ಒಂದೇ: 'ಹಚ್ಚಿ ಒಂದು ದಿನವಾಯಿತು, ಏನೂ ಗೊತ್ತಾಗುತ್ತಿಲ್ಲ.' ಗೊತ್ತಾಗುವುದೂ ಇಲ್ಲ. ಔಷಧ ಮೊದಲು ಚರ್ಮದ ಪದರಗಳಲ್ಲಿ ತುಂಬಿಕೊಂಡು, ಅಲ್ಲಿಂದ ನಿಧಾನಕ್ಕೆ ರಕ್ತಕ್ಕೆ ಇಳಿಯಬೇಕು. ರಕ್ತದಲ್ಲಿ ಅದರ ಮಟ್ಟ ಒಂದು ಹದಕ್ಕೆ ಬಂದು ನಿಲ್ಲಲು ಮೂರು ದಿನ ಬೇಕು. ಅಲ್ಲಿಯ ತನಕ ನಡುವಿನ ನೋವಿಗೆ ಡಾಕ್ಟರು ಬೇರೆ ಮಾತ್ರೆ ಬರೆದಿರುತ್ತಾರೆ. ಬರೆಯದಿದ್ದರೆ ಹೊರಡುವ ಮುನ್ನವೇ ಕೇಳಿಕೊಳ್ಳಿ. ತಪ್ಪು ನಡೆಯುವುದು ಎರಡನೇ ರಾತ್ರಿ. ನೋವು ತಡೆಯದೆ ಇನ್ನೊಂದು ಪ್ಯಾಚ್ ಹಚ್ಚಿಬಿಡುತ್ತಾರೆ. ಮೂರನೇ ದಿನ ಎರಡೂ ಒಟ್ಟಿಗೆ ಏರಿ, ತೂಕಡಿಕೆ, ವಾಂತಿ, ಕಣ್ಣು ಬಿಡಲಾಗದ ಮಂಪರು. 72 ಗಂಟೆಯೊಳಗೆ ಅಳತೆ ಏರಿಸಬಾರದು ಎನ್ನುವುದು ಇದಕ್ಕೇ. ಕಿತ್ತಾಗಲೂ ಇದೇ ನಿಧಾನ: ರಕ್ತದಲ್ಲಿರುವುದು ಅರ್ಧಕ್ಕೆ ಇಳಿಯಲು ಸುಮಾರು 12 ಗಂಟೆ, ಕೆಲವರಿಗೆ ಒಂದು ದಿನವೇ ಬೇಕು. ಆದ್ದರಿಂದ ಪ್ಯಾಚ್ ತೆಗೆದ ಕೂಡಲೇ ಅದೇ ಬಳಗದ ಬೇರೆ ಔಷಧ ಶುರು ಮಾಡುವಂತಿಲ್ಲ, 24 ಗಂಟೆ ಬಿಡಬೇಕು.

ಎರಡನೆಯದು, ಇದನ್ನು ನೋವಿರುವ ಜಾಗಕ್ಕೇ ಹಚ್ಚುವುದು. ಮುಲಾಮಿನ ಅಭ್ಯಾಸ, ಕೈ ತಾನಾಗಿ ಮಂಡಿಗೆ ಹೋಗುತ್ತದೆ. ಇದು ಮಂಡಿಯ ಪ್ಯಾಚ್ ಅಲ್ಲ, ಮೈಗೆಲ್ಲ ಹೋಗುವ ಔಷಧ. ಹಚ್ಚುವ ಜಾಗ ನಾಲ್ಕೇ: ಮೇಲ್ದೋಳಿನ ಹೊರಬದಿ, ಎದೆಯ ಮೇಲ್ಭಾಗ, ಬೆನ್ನಿನ ಮೇಲ್ಭಾಗ, ಪಕ್ಕೆ. ಎಡ ಬಲ ಸೇರಿ ಎಂಟು. ಒಮ್ಮೆ ಹಚ್ಚಿದ ಜಾಗಕ್ಕೆ ಮತ್ತೆ ಮೂರು ವಾರ ಹಚ್ಚಬಾರದು. ಚರ್ಮ ಕೆಂಪಾಗಿ ತುರಿಸುತ್ತದೆ ಎನ್ನುವುದು ಒಂದು ಕಾರಣ. ಅಲ್ಲೇ ಮತ್ತೆ ಹಚ್ಚಿದರೆ ಔಷಧ ಬೇಕಾದ್ದಕ್ಕಿಂತ ಹೆಚ್ಚು ಒಳಗಿಳಿಯುತ್ತದೆ ಎನ್ನುವುದು ಮುಖ್ಯ ಕಾರಣ. ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ 'ಎಡ ತೋಳು', 'ಬಲ ಪಕ್ಕೆ' ಎಂದು ಬರೆದಿಟ್ಟರೆ ಗೊಂದಲವಿಲ್ಲ.

ಇನ್ನು ಅಂಟು. ಡಿಸೆಂಬರ್, ಜನವರಿಯಲ್ಲಿ ಸಾಮಾನ್ಯವಾಗಿ ಏಳು ದಿನವೂ ಜಗ್ಗದೆ ಕೂರುವ ಪ್ಯಾಚು ಮೇ ತಿಂಗಳಲ್ಲಿ, ಅಕ್ಟೋಬರಿನ ಸೆಕೆಯಲ್ಲಿ, ನಾಲ್ಕನೇ ದಿನಕ್ಕೇ ಅಂಚು ಎತ್ತತೊಡಗುತ್ತದೆ. ಹೆಚ್ಚಿನ ಸಲ ತಪ್ಪು ಬೆವರಿನದಲ್ಲ, ಹಚ್ಚಿದ ರೀತಿಯದು. ಜಾಗವನ್ನು ಬರೀ ನೀರಿನಲ್ಲಿ ತೊಳೆಯಬೇಕು. ಸಾಬೂನು, ಸ್ಪಿರಿಟ್, ಪೌಡರ್, ಎಣ್ಣೆ ಯಾವುದೂ ಬೇಡ. ಕೂದಲಿದ್ದರೆ ಕತ್ತರಿಯಲ್ಲಿ ಕತ್ತರಿಸಿ, ಬ್ಲೇಡು ಆಡಿಸಬೇಡಿ. ಗೀರಿದ ಚರ್ಮ ಹೆಚ್ಚು ಔಷಧ ಹೀರುತ್ತದೆ. ಒರೆಸಿದ ಮೇಲೂ ಫ್ಯಾನಿನ ಕೆಳಗೆ ಹತ್ತು ನಿಮಿಷ ಕೂತು ಪೂರ್ತಿ ಆರಲಿ. ಆಮೇಲೆ ಪೊಟ್ಟಣ ಒಡೆದು, ಅಂಟಿನ ಭಾಗಕ್ಕೆ ಬೆರಳು ತಾಗಿಸದೆ ಹಚ್ಚಿ, ಅಂಗೈಯಿಂದ 30 ಸೆಕೆಂಡು ಒತ್ತಿ ಹಿಡಿಯಬೇಕು, ಅಂಚುಗಳನ್ನು ವಿಶೇಷವಾಗಿ. ಕತ್ತರಿಸಿ ಅರ್ಧ ಹಚ್ಚುವ ಜಾಣತನ ಬೇಡವೇ ಬೇಡ.

ಅಂಚು ಎದ್ದರೆ ಸುತ್ತ ಮೆಡಿಕಲ್ ಟೇಪು ಹಚ್ಚಿದರೆ ಸಾಕು. ಪೂರ್ತಿ ಬಿದ್ದುಹೋದರೆ ಅದನ್ನೇ ಮತ್ತೆ ಅಂಟಿಸದೆ ಹೊಸದನ್ನು ಬೇರೆ ಜಾಗಕ್ಕೆ ಹಚ್ಚಿ, ಏಳು ದಿನವನ್ನು ಅಂದಿನಿಂದ ಎಣಿಸಬೇಕು. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ಲಿನಲ್ಲಿ ನಿಂತು ಹೋಗುವವರಿಗೆ ತೋಳು ಒಳ್ಳೆಯ ಜಾಗವಲ್ಲ. ಬ್ಯಾಗಿನ ಪಟ್ಟಿ, ಪಕ್ಕದವರ ಭುಜ ಉಜ್ಜಿ ಉಜ್ಜಿ ಕಿತ್ತು ಬರುತ್ತದೆ. ಪಕ್ಕೆ ವಾಸಿ. ಮರೆವಿನ ಕಾಯಿಲೆಯ ಹಿರಿಯರಿಗೆ ಬೆನ್ನಿನ ಮೇಲ್ಭಾಗವೇ ಸರಿ, ಕೈ ಎಟುಕುವುದಿಲ್ಲ. ಸ್ನಾನಕ್ಕೆ ಅಡ್ಡಿಯಿಲ್ಲ. ನಮ್ಮವರ ಎಣ್ಣೆಸ್ನಾನಕ್ಕೆ ಮಾತ್ರ ಇದು ಬಗ್ಗುವುದಿಲ್ಲ: ಎಣ್ಣೆ ಅಂಚಿಗೆ ತಾಗಿದರೆ ಅಂಟು ಹೋಯಿತೆಂದೇ ಲೆಕ್ಕ. ಮೈಗೆ ಎಣ್ಣೆ ಹಚ್ಚಲೇಬೇಕೆಂದರೆ ಪ್ಯಾಚ್ ಬದಲಿಸುವ ದಿನ, ಹಳೆಯದನ್ನು ತೆಗೆದ ಮೇಲೆ, ಹೊಸದು ಹಚ್ಚುವ ಜಾಗವನ್ನು ಬಿಟ್ಟು.

ಅಂಟಿಗಿಂತ ದೊಡ್ಡ ಅಪಾಯ ಬಿಸಿ. ಬೆನ್ನುನೋವಿಗೆ ಬಿಸಿನೀರಿನ ಚೀಲ ಇಡದ ಮನೆ ಯಾವುದಿದೆ? ಪ್ಯಾಚಿನ ಮೇಲೆ ಅಥವಾ ಪಕ್ಕದಲ್ಲಿ ಅದನ್ನಿಟ್ಟರೆ ಔಷಧ ಒಮ್ಮೆಲೇ ಒಳಗೆ ನುಗ್ಗುತ್ತದೆ. ಸುಡುಸುಡು ನೀರು, ವಿದ್ಯುತ್ ಪ್ಯಾಡು, ನಡುಮಧ್ಯಾಹ್ನದ ಬಿಸಿಲು ಎಲ್ಲ ಹಾಗೆಯೇ. ಜ್ವರವೂ ಹಾಗೆಯೇ, ಮಳೆಗಾಲದಲ್ಲಿ ಇಲ್ಲಿ ಮಲೇರಿಯಾ, ಡೆಂಗಿ ಎರಡಕ್ಕೂ ಬರವಿಲ್ಲ. ಜೋರು ಜ್ವರ ಬಂದರೆ ಪ್ಯಾಚ್ ಇರುವ ವಿಷಯವನ್ನು ಜ್ವರ ನೋಡುವ ಡಾಕ್ಟರಿಗೆ ಮೊದಲೇ ಹೇಳಬೇಕು.

ಅಡ್ಡಪರಿಣಾಮಗಳಲ್ಲಿ ವಾಕರಿಕೆ, ತಲೆನೋವು ಮೊದಲ ವಾರದಲ್ಲಿ ಹೆಚ್ಚು, ಆಮೇಲೆ ಸಾಮಾನ್ಯವಾಗಿ ಇಳಿಯುತ್ತವೆ. ಮಲಬದ್ಧತೆ ಹಾಗೆ ತಾನಾಗಿ ಇಳಿಯುವುದಲ್ಲ. ಇಸಬ್ಗೋಲ್ ಒಂದನ್ನೇ ನಂಬಿದರೆ ಕೆಡುತ್ತದೆ: ಕರುಳಿನ ಚಲನೆಯೇ ಮಂದವಾಗಿರುವಾಗ ನಾರು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಕರುಳನ್ನು ಎಬ್ಬಿಸುವ ಸೆನ್ನಾ, ಬಿಸಾಕೊಡಿಲ್‌ನಂಥ ಮಾತ್ರೆಯನ್ನು ಮೊದಲ ಪ್ಯಾಚಿನ ಜೊತೆಗೇ ಬರೆಸಿಕೊಳ್ಳಬೇಕು. ನಿಜವಾಗಿ ಹೆದರಬೇಕಾದದ್ದು ಮಿಶ್ರಣಕ್ಕೆ. ನಿದ್ದೆಗೆ ಅಲ್ಪ್ರಜೋಲಾಂ ಅಥವಾ ಕ್ಲೊನಾಜೆಪಾಂ, ನರನೋವಿಗೆ ಪ್ರೆಗಾಬಲಿನ್, ಸಂಜೆಗೊಂದು ಪೆಗ್ಗು: ಇವು ಪ್ಯಾಚಿನ ಜೊತೆ ಸೇರಿದರೆ ಉಸಿರಾಟ ಕುಗ್ಗುತ್ತದೆ. ಕರೆದರೂ ಎಚ್ಚರವಾಗದಿದ್ದರೆ, ಉಸಿರು ತೀರ ನಿಧಾನವಾಗಿದ್ದರೆ, ಪ್ಯಾಚ್ ಕಿತ್ತು 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯವರಿಗೆ ಔಷಧದ ಹೆಸರು ಹೇಳಲೇಬೇಕು: ಬುಪ್ರೆನಾರ್ಫಿನ್ ನರಗಳಲ್ಲಿ ಔಷಧ ಕೂರುವ ಜಾಗಗಳಾದ ಗ್ರಾಹಿಗಳಿಗೆ ಬಿಗಿಯಾಗಿ ಕಚ್ಚಿಕೊಳ್ಳುವುದರಿಂದ ಪ್ರತಿಮದ್ದಾದ ನಲಾಕ್ಸೋನ್ ಮಾಮೂಲಿಗಿಂತ ಹೆಚ್ಚು ಬೇಕಾಗಬಹುದು.

ಯಾರಿಗೆ ಹೊಂದುತ್ತದೆ? ಮೂತ್ರಪಿಂಡ ದುರ್ಬಲವಾದವರಿಗೆ ಇದು ದೊಡ್ಡ ಅನುಕೂಲ. ಮಾರ್ಫಿನ್ ಮೈಯಲ್ಲಿ ಒಡೆದು ಹುಟ್ಟುವ ಪದಾರ್ಥಗಳು ಮೂತ್ರದಲ್ಲಿ ಹೋಗದೆ ಶೇಖರವಾಗುತ್ತವೆ; ಬುಪ್ರೆನಾರ್ಫಿನನ್ನು ಯಕೃತ್ತು ಒಡೆಯುತ್ತದೆ, ಹಾಗಾಗಿ ಡಯಾಲಿಸಿಸ್‌ನಲ್ಲಿರುವವರಿಗೂ ಕೊಡುತ್ತಾರೆ. ಯಕೃತ್ತು ತೀರ ಕೆಟ್ಟವರಿಗೆ ಬೇರೆ ಲೆಕ್ಕ. ನೋವಿನ ಮಾತ್ರೆಯಾದ ಟ್ರಮಡಾಲನ್ನು ದಿನಕ್ಕೆ ಮೂರು ನಾಲ್ಕು ಸಲ ನುಂಗಿ, ಅದು ಇಳಿದಾಗಲೆಲ್ಲ ನೋವು ಏರುವವರಿಗೆ ಈ ಸಮತಟ್ಟು ಹಿತ. ಆದರೆ ದಿಢೀರನೆ ಎದ್ದು ಅರ್ಧ ಗಂಟೆಯಲ್ಲಿ ಇಳಿಯುವ ನೋವಿಗೆ ಇದರಿಂದ ಪ್ರಯೋಜನ ಕಡಿಮೆ. ಪರೇಲಿನ ಟಾಟಾ ಆಸ್ಪತ್ರೆಯಂಥ ಕಡೆ ಕ್ಯಾನ್ಸರ್ ನೋವಿಗೆ ಹೆಚ್ಚು ಪ್ರಮಾಣದ ಮಾರ್ಫಿನ್ ತೆಗೆದುಕೊಳ್ಳುತ್ತಿರುವವರು 'ಇದು ಸುಲಭ' ಎಂದು ತಾವಾಗಿ ಇದಕ್ಕೆ ಹಾರಬಾರದು. ಗ್ರಾಹಿಗಳಿಂದ ಮಾರ್ಫಿನನ್ನು ಇದು ತಳ್ಳಿಬಿಡುತ್ತದೆ. ನಡುಕ, ಬೆವರು, ಭೇದಿ ಜೊತೆಗೆ ನೋವೂ ಮರಳುತ್ತದೆ. ನೋಡಲು ಒಂದೇ ಥರವಿರುವ ಫೆಂಟನಿಲ್ ಪ್ಯಾಚಿಗೂ ಇದಕ್ಕೂ ಅಜಗಜಾಂತರ. ಅದು ಮೂರು ದಿನದ್ದು, ಬಹಳ ಪ್ರಬಲ, ಈ ಬಳಗದ ಔಷಧ ಅಭ್ಯಾಸವಿಲ್ಲದವರಿಗೆ ಮಾರಕ.

ಮಾರ್ಫಿನ್, ಫೆಂಟನಿಲ್ ಸೇರಿ ಆರು ಔಷಧಗಳು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ 2014ರ ತಿದ್ದುಪಡಿಯ ನಂತರ 'ಅತ್ಯಗತ್ಯ ಮಾದಕ ಔಷಧ'ಗಳ ಪಟ್ಟಿಯಲ್ಲಿವೆ. ಬುಪ್ರೆನಾರ್ಫಿನ್ ಆ ಆರರಲ್ಲಿಲ್ಲ, ಆದರೂ ಅದೇ ಕಾಯ್ದೆಯ ಅಮಲು ಪದಾರ್ಥಗಳಲ್ಲೂ, ಕೆಮಿಸ್ಟ್ ಲೆಕ್ಕವಿಟ್ಟು ಮಾರಬೇಕಾದ ಔಷಧಗಳ ಎಚ್1 ಪಟ್ಟಿಯಲ್ಲೂ ಇದೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ರೋಗಿಯ ಮತ್ತು ಡಾಕ್ಟರ ಹೆಸರು, ಕೊಟ್ಟ ಸಂಖ್ಯೆಯನ್ನು ಕೆಮಿಸ್ಟ್ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ಅವರು ಬರೆದುಕೊಳ್ಳುವಾಗ ಮುಜುಗರ ಪಡಬೇಕಿಲ್ಲ. ಬೀದಿಯ ಮೆಡಿಕಲ್‌ನಲ್ಲಿ ಇದನ್ನು ಇಟ್ಟಿರುವುದು ಅಪರೂಪ. ಪರೇಲಿನ ಆಸ್ಪತ್ರೆಗಳ ಸುತ್ತ, ಇಲ್ಲವೇ ಪ್ರಿನ್ಸೆಸ್ ಸ್ಟ್ರೀಟಿನಲ್ಲಿ ಕೇಳಿ ನೋಡಬಹುದು. ಕೊನೆಯ ಪ್ಯಾಚ್ ಹಚ್ಚಿದ ದಿನವೇ ಮುಂದಿನದಕ್ಕೆ ಹೇಳಿಡಿ. ಬೆಲೆ ಟ್ರಮಡಾಲ್ ಮಾತ್ರೆಗಿಂತ ಬಹಳ ಹೆಚ್ಚು, ಅದನ್ನು ಮುಚ್ಚಿಡುವಂತಿಲ್ಲ.

ಬಳಸಿದ ಪ್ಯಾಚನ್ನು ಕಸದ ಬುಟ್ಟಿಗೆ ಎಸೆಯುವವರು ಈ ಲೆಕ್ಕ ನೋಡಿ. ಗಂಟೆಗೆ 5 ಮೈಕ್ರೋಗ್ರಾಂನ ಒಂದು ಪ್ಯಾಚ್‌ನಲ್ಲಿ ತುಂಬಿರುವುದು 5 ಮಿಲಿಗ್ರಾಂ. ಏಳು ದಿನದಲ್ಲಿ ಮೈಗೆ ಹೋಗುವುದು 0.84 ಮಿಲಿಗ್ರಾಂ. ಉಳಿದ ನಾಲ್ಕಕ್ಕೂ ಹೆಚ್ಚು ಮಿಲಿಗ್ರಾಂ ಅದರಲ್ಲೇ ಇರುತ್ತದೆ, ಮೊಮ್ಮಗು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಕುತ್ತು. ಅಂಟು ಒಳಗಾಗುವಂತೆ ಮಡಚಿ ಕಮೋಡಿನಲ್ಲಿ ಬಿಟ್ಟು ನೀರು ಹರಿಸಬಹುದು. ಚಾಳಿನ ಸಾಮೂಹಿಕ ಸಂಡಾಸಿನವರು ಅದೇ ಪೊಟ್ಟಣಕ್ಕೆ ಹಾಕಿ, ಟೇಪು ಸುತ್ತಿ, ಕಪಾಟಿನಲ್ಲಿ ಬೀಗ ಹಾಕಿಟ್ಟು, ಮುಂದಿನ ಭೇಟಿಯಲ್ಲಿ ಕ್ಲಿನಿಕ್‌ಗೆ ಒಪ್ಪಿಸುವುದು ಒಳ್ಳೆಯದು.

ರಜೆಗೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೊರಡುವವರು ಬೇಕಾದಷ್ಟರ ಮೇಲೆ ಒಂದು ಹೆಚ್ಚು ಪ್ಯಾಚ್, ಅದರದೇ ಡಬ್ಬಿಯಲ್ಲಿ, ಚೀಟಿಯ ಪ್ರತಿಯ ಜೊತೆ ಒಯ್ಯಬೇಕು. ಊರಿನ ಪೇಟೆಯಲ್ಲಿ ಸಿಗುತ್ತದೆಂದು ನಂಬಿ ಹೋಗಬೇಡಿ. ಡಬ್ಬಿ ಕೈಚೀಲದ ನಡುವೆ ಬಟ್ಟೆಯ ಮಡಿಕೆಯಲ್ಲಿರಲಿ, ಸ್ಲೀಪರ್ ಬೋಗಿಯ ಕಿಟಕಿ ಪಕ್ಕದ ಬಿಸಿಲಿಗೆ ಬೇಡ.