ಉಚಿತ ಸಿಹಿ ತಟ್ಟೆಗೆ ಬಂದರೆ, ಅದರಲ್ಲಿ ಏನಿದೆ ಎಂದು ಮೊದಲು ಕೇಳಿ

ನಮ್ಮ ಅಮ್ಮ ಇಷ್ಟಲಿಂಗ ಕಟ್ಟಿಕೊಂಡವರು. ಲಿಂಗಪೂಜೆ ಆಗುವವರೆಗೆ ಚಹಾ ಕೂಡ ಮುಟ್ಟುವುದಿಲ್ಲ. ಮೊಟ್ಟೆ ಹಾಕಿದ ಕೇಕ್ ಎಂದು ಗೊತ್ತಾದರೆ ಮೊಮ್ಮಗಳ ಹುಟ್ಟುಹಬ್ಬದಲ್ಲೂ ಕೈ ಹಿಂದೆ ತೆಗೆದುಕೊಳ್ಳುತ್ತಾರೆ. ಅಂಥವರಿಗೆ ಕಳೆದ ತಿಂಗಳು ಬಳ್ಳಾರಿಯ ಒಂದು ದುಬಾರಿ ರೆಸ್ಟೋರೆಂಟ್‌ನಲ್ಲಿ, ಪ್ರಾಣಿಯ ಚರ್ಮ, ಮೂಳೆಗಳಿಂದ ತೆಗೆದ ಪದಾರ್ಥ ಸೇರಿದ ಸಿಹಿಯನ್ನು ಪೂರ್ತಿ ಸಸ್ಯಾಹಾರ ಎಂದು ಹೇಳಿ ಬಡಿಸಿದರು. ಕರೆದುಕೊಂಡು ಹೋದವಳು ನಾನು. ಆ ಸಂಕಟ ಇನ್ನೂ ಇಳಿದಿಲ್ಲ. ಹಿರಿಯರನ್ನು ಇಂಥ ಕಡೆ ಊಟಕ್ಕೆ ಕರೆದೊಯ್ಯುವವರು ದಯವಿಟ್ಟು ಪೂರ್ತಿ ಓದಿ.

ಅಪ್ಪ ಸಿರುಗುಪ್ಪ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತರಾದರು. ಅವರನ್ನೇ ಕೇಳಿದ್ದರೆ ಒಗ್ಗರಣೆ, ಮಿರ್ಚಿ ಸಾಕು ಎನ್ನುತ್ತಿದ್ದರು. ಒಮ್ಮೆಯಾದರೂ ದೊಡ್ಡ ಜಾಗದಲ್ಲಿ ಕೂರಿಸಿ ಊಟ ಮಾಡಿಸಬೇಕೆಂದು ನಾನೇ ಹಠ ಹಿಡಿದೆ. ಮೊಬೈಲ್‌ನಲ್ಲಿ ನೋಡಿದರೆ ಆ ರೆಸ್ಟೋರೆಂಟ್‌ಗೆ ಎಲ್ಲರೂ ಐದು ನಕ್ಷತ್ರ ಕೊಟ್ಟಿದ್ದರು. ನಡುನಡುವೆ ಒಂದೊಂದು ಕಹಿ ಮಾತಿತ್ತು. ಅದನ್ನು ನಾನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಅಪ್ಪ, ಅಮ್ಮ, ನನ್ನ ಗಂಡ, ಮಗಳು, ಬೆಂಗಳೂರಿನಿಂದ ಬಂದ ತಮ್ಮ ಮತ್ತು ನಾನು, ಒಟ್ಟು ಆರು ಜನ ಹೋದೆವು.

ಚೆನ್ನಾಗಿದ್ದುದನ್ನು ಚೆನ್ನಾಗಿತ್ತು ಎಂದೇ ಹೇಳಬೇಕು. ತಂದೂರಿನಿಂದ ಆಗಷ್ಟೇ ತೆಗೆದ ರೊಟ್ಟಿ, ಹುರಿದ ಬದನೆಕಾಯಿಯ ಒಂದು ಪಲ್ಯ, ಎರಡೂ ಬಹಳ ರುಚಿಯಾಗಿದ್ದವು. ಬಡಿಸುವ ಹುಡುಗರು ವಿನಯವಂತರು. ಅಪ್ಪನಿಗೆ ಮೊಣಕಾಲು ನೋವೆಂದು ತಿಳಿದ ತಕ್ಷಣ ಎತ್ತರದ ಕುರ್ಚಿ ತಂದುಕೊಟ್ಟರು. ಆರ್ಡರ್ ಕೊಡುವಾಗಲೇ ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ ಎಂದು ನಾನು ಎರಡು ಸಲ ಹೇಳಿದ್ದೆ. ಗಮನದಲ್ಲಿಟ್ಟುಕೊಳ್ಳುತ್ತೇವೆ ಮೇಡಂ ಎಂದಿದ್ದರು.

ಊಟ ಮುಗಿಯುತ್ತಿದ್ದಂತೆ ಒಬ್ಬ ಹುಡುಗ ಕ್ಯೂಆರ್ ಕೋಡ್ ಇದ್ದ ಸಣ್ಣ ಫಲಕ ಹಿಡಿದು ಬಂದ. ಈಗಲೇ ಐದು ನಕ್ಷತ್ರ ಕೊಟ್ಟು ಎರಡು ಸಾಲು ಬರೆದರೆ ಮೇಜಿನಲ್ಲಿರುವ ಎಲ್ಲರಿಗೂ ಶೆಫ್ ಕಡೆಯಿಂದ ಒಂದು ಸಿಹಿ ಉಚಿತ ಎಂದ. ಬಿಲ್ ಇನ್ನೂ ಬಂದಿರಲಿಲ್ಲ. ಹೊಟ್ಟೆ ತುಂಬಿತ್ತು, ಅಪ್ಪನ ಮುಖದಲ್ಲಿ ನಗುವಿತ್ತು. ನಾನು ಬರೆದುಕೊಟ್ಟೆ. ಎಲ್ಲರೂ ಐದು ನಕ್ಷತ್ರ ಯಾಕೆ ಕೊಟ್ಟಿದ್ದರೆಂಬುದು ಆಮೇಲೆ ತಿಳಿಯಿತು. ಹೀಗೆ ಏನಾದರೂ ಕೊಟ್ಟು ಅಭಿಪ್ರಾಯ ಬರೆಸಿಕೊಳ್ಳುವುದನ್ನು ಗೂಗಲ್ ಮ್ಯಾಪ್‌ನ ನಿಯಮಗಳೇ ನಿಷೇಧಿಸುತ್ತವೆ. ಆ ಹೊತ್ತಿಗೆ ನನಗೆ ಅದು ತಿಳಿದಿರಲಿಲ್ಲ.

ಬಂದದ್ದು ಪನ್ನಾ ಕೋಟಾ. ಇಟಲಿಯ ಸಿಹಿ. ಹಾಲಿನ ಕೆನೆಯನ್ನು ಸಕ್ಕರೆಯೊಂದಿಗೆ ಕಾಯಿಸಿ, ಅಚ್ಚಿನಲ್ಲಿ ತಣಿಸಿ ಗಟ್ಟಿ ಮಾಡಿದ್ದು. ನೋಡಲು ನಮ್ಮ ಗಿಣ್ಣದ ಹಾಗೆಯೇ ಇರುತ್ತದೆ. ಅಮ್ಮ ಮೊಟ್ಟೆ ಇದೆಯೇ ಎಂದು ತಾವೇ ಕೇಳಿದರು. ಇಲ್ಲ ಅಮ್ಮ, ಬರೀ ಹಾಲು, ಪೂರ್ತಿ ಸಸ್ಯಾಹಾರ ಎಂದ ಆ ಹುಡುಗ. ಅವರು ಅರ್ಧ ಬಟ್ಟಲು ಮುಗಿಸಿದ್ದಾಗ, ಹೊರಗೆ ಫೋನಿನಲ್ಲಿ ಮಾತನಾಡುತ್ತಿದ್ದ ತಮ್ಮ ಒಳಗೆ ಬಂದು ನೋಡಿದ. "ಅಕ್ಕ, ಇದಕ್ಕೆ ಜೆಲಟಿನ್ ಹಾಕುತ್ತಾರೆ, ವಿಚಾರಿಸಿದೆಯಾ?" ಎಂದ.

ಬಡಿಸಿದವನನ್ನು ಕೇಳಿದರೆ ಜೆಲಟಿನ್ ಎಂದರೆ ಏನೆಂದೇ ಅವನಿಗೆ ಗೊತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟಿಲ್ಲ. ಹೇಳಿಕೊಡದೆ ಅವನನ್ನು ಮೇಜಿಗೆ ಕಳಿಸಿದವರ ತಪ್ಪು ಅದು. ಶೆಫ್ ಬಂದರು. ಸುಳ್ಳು ಹೇಳಲಿಲ್ಲ. ಹೌದು, ಜೆಲಟಿನ್ ಹಾಳೆ ಬಳಸುತ್ತೇವೆ, ಇಲ್ಲಿ ಯಾರೂ ಕೇಳುವುದಿಲ್ಲ ಎಂದರು. ಜೆಲಟಿನ್ ತಯಾರಾಗುವುದು ಹೆಚ್ಚಾಗಿ ಹಂದಿ, ದನಗಳ ಚರ್ಮ ಮತ್ತು ಮೂಳೆಗಳಿಂದ. ಕಡಲ ಪಾಚಿಯಿಂದ ತೆಗೆಯುವ, ನಮ್ಮ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ ಅಗರ್ ಹಾಕಿಯೂ ಇದೇ ಸಿಹಿಯನ್ನು ಗಟ್ಟಿ ಮಾಡಬಹುದು. ಬೇಕೆಂದಿದ್ದರೆ ಕಷ್ಟವೇನಿರಲಿಲ್ಲ.

ಅಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಎದ್ದು ಹೋಗಿ ಬಾಯಿ ತೊಳೆದುಕೊಂಡು ಬಂದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮ್ಯಾನೇಜರ್ ಮಾತ್ರ, "ಮೇಡಂ, ಅದಕ್ಕೆ ನಾವು ಹಣವನ್ನೇ ತೆಗೆದುಕೊಂಡಿಲ್ಲವಲ್ಲ" ಎಂದರು.

ಆ ಮೆನುವಿನಲ್ಲಿ ಮತ್ತೇನೇನಿದೆ ಎಂದು ನಿಂತಲ್ಲೇ ಶೆಫ್‌ರನ್ನು ಕೇಳಿದೆ. ತರಕಾರಿ ಥಾಯ್ ಕರಿಯನ್ನು ಸಸ್ಯಾಹಾರದ ಪುಟದಲ್ಲಿ ಹಾಕಿದ್ದರು. ಅದಕ್ಕೆ ಬಳಸುವ ಸಿದ್ಧ ಮಸಾಲೆಯಲ್ಲಿ ಒಣ ಸೀಗಡಿಯ ಅಂಶವಿತ್ತು. ಥಾಯ್ ಅಡುಗೆಯಲ್ಲಿ ಸೀಗಡಿ, ಮೀನಿನ ಸಾಸ್ ಸಾಮಾನ್ಯ. ಅವಿಲ್ಲದ ಮಸಾಲೆಯೂ ಸಿಗುತ್ತದೆ, ಕೇಳಿ ತರಿಸಬೇಕು ಅಷ್ಟೆ. ಸೀಸರ್ ಸಲಾಡ್‌ನ ಸಾಸ್‌ಗೆ ಆಂಚೊವಿ ಎಂಬ ಸಣ್ಣ ಮೀನು ಹಾಕುವುದು ವಾಡಿಕೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್‌ನಲ್ಲಿ ಹಾಲು ಒಡೆಸುವುದು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ನಮ್ಮಲ್ಲಿ ಮಾರಾಟವಾಗುವ ಚೀಸ್ ಪೊಟ್ಟಣದ ಮೇಲಾದರೆ ಹಸಿರು ಚುಕ್ಕಿ ಹುಡುಕಬಹುದು, ತಟ್ಟೆಗೆ ಬಂದ ಮೇಲೆ ಆ ಚುಕ್ಕಿ ಎಲ್ಲಿ? ಆದ್ದರಿಂದ ಇದು ಸಸ್ಯಾಹಾರವೇ ಎಂದಷ್ಟೇ ಕೇಳಬೇಡಿ, ಹೌದು ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಜೆಲಟಿನ್ ಇದೆಯೇ, ಮೀನಿನ ಸಾಸ್ ಇದೆಯೇ, ಸೂಪಿಗೆ ಕೋಳಿ ಬೇಯಿಸಿದ ನೀರು ಹಾಕಿದ್ದೀರಾ ಎಂದು ಹೆಸರು ಹಿಡಿದು ಕೇಳಿ. ಅದೂ ಅಡುಗೆ ಮಾಡಿದವರನ್ನೇ.

ಇಷ್ಟಾದ ಮೇಲೆ ಬಿಲ್ ಬಂತು. ಊಟಕ್ಕೆ ಮತ್ತು ನೀರಿಗೆ 7,460 ರೂಪಾಯಿ. ಅದರ ಮೇಲೆ ಶೇ 10ರಷ್ಟು ಸೇವಾ ಶುಲ್ಕ 746. ಎರಡೂ ಸೇರಿದ ಮೊತ್ತದ ಮೇಲೆ ಶೇ 5ರಷ್ಟು ಜಿಎಸ್‌ಟಿ. ಒಟ್ಟು 8,616. ಐದು ಜನಕ್ಕಿಂತ ಹೆಚ್ಚಿದ್ದರೆ ಸೇವಾ ಶುಲ್ಕ ಕಡ್ಡಾಯ ಎಂದರು. ಇದು ನಿಜವಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದೇ ಮಾರ್ಗಸೂಚಿ ಹೊರಡಿಸಿದೆ: ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲು ಮಾಡುವಂತಿಲ್ಲ, ಅದರ ಮೇಲೆ ಜಿಎಸ್‌ಟಿ ಹಾಕುವಂತಿಲ್ಲ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಇದನ್ನು ಎತ್ತಿಹಿಡಿದಿದೆ. ಅಪ್ಪ ಜೇಬಿಗೆ ಕೈ ಹಾಕುತ್ತ, "ಬಿಡಮ್ಮ, ಏಳೆಂಟುನೂರು ರೂಪಾಯಿಗೆ ಎಲ್ಲರೆದುರು ಮಾತು ಬೇಡ" ಎಂದರು. ನಮ್ಮ ಈ ಸಂಕೋಚವೇ ಇಂಥವರಿಗೆ ಬಂಡವಾಳ. ಅಲ್ಲೇ ಕುಳಿತು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಮೊಬೈಲ್ ತೆಗೆದೆ. ಎರಡು ನಿಮಿಷದಲ್ಲಿ ಬಿಲ್ 7,833ಕ್ಕೆ ಇಳಿಯಿತು.

ನೀರಿನ ಬಗ್ಗೆ ಮಾತ್ರ ನಾನು ಜಗಳವಾಡಲಿಲ್ಲ. ಐದು ಬಾಟಲಿಗೆ 950 ರೂಪಾಯಿ ಹಾಕಿದ್ದರು. ಹೋಟೆಲ್, ರೆಸ್ಟೋರೆಂಟ್‌ಗಳು ಬಾಟಲಿ ನೀರಿಗೆ ಮುದ್ರಿತ ಬೆಲೆಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ಕೂತ ಕೂಡಲೇ ಬಾಟಲಿ ತೆರೆಯಲು ಬಿಡಬೇಡಿ, ಸಾದಾ ನೀರು ಕೇಳಿ.

ಅಲ್ಲಿ ಊಟ ಮಾಡಿ ಖುಷಿಯಾಗಿ ಬಂದವರೂ ಇದ್ದಾರೆ. ನನ್ನ ಸಹೋದ್ಯೋಗಿಯೊಬ್ಬರು ಈಗಲೂ ಹೊಗಳುತ್ತಾರೆ. ಅವರು ಹೋದದ್ದು ವಾರದ ದಿನ ಮಧ್ಯಾಹ್ನ, ದರ ಮೊದಲೇ ನಿಗದಿಯಾಗಿದ್ದ ಊಟಕ್ಕೆ. ತೋರಣಗಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಸಂಬಂಧಿಕರು ಅತಿಥಿಗಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಾರೆ. ಹಣ ಕೊಡುವುದು ಕಂಪನಿ, ಅವರು ಬಿಲ್ಲನ್ನು ನೋಡಿದವರೇ ಅಲ್ಲ. ಮೂವರಿಗೂ ಮೂರು ಅನುಭವ. ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಮಾತು ಕೇಳಿ ನೀವು ಹೋದರೆ ಅವರಿಗಾದದ್ದೇ ನಿಮಗೂ ಆಗುತ್ತದೆ ಎಂದು ನಂಬಬೇಡಿ.

ಬಿಲ್ಲನ್ನು ಎಸೆಯಬೇಡಿ. ಅದರಲ್ಲಿ ಆಹಾರ ಸುರಕ್ಷತಾ ಪರವಾನಗಿಯ 14 ಅಂಕಿಗಳ ಸಂಖ್ಯೆ ಇರಬೇಕು. ಆ ಸಂಖ್ಯೆ ಹಾಕಿ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಟ್ಟಿದ್ದೇನೆ. ಬೇಕಾದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಪಾವತಿಸಿದ ಮೊತ್ತ 5 ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ.

ಮರುದಿನ ಅಮ್ಮ ತಲೆಗೆ ಸ್ನಾನ ಮಾಡಿ, ಎಂದಿಗಿಂತ ಹೆಚ್ಚು ಹೊತ್ತು ಪೂಜೆಗೆ ಕುಳಿತರು. ಮಧ್ಯಾಹ್ನದವರೆಗೆ ಏನೂ ತಿನ್ನಲಿಲ್ಲ. ಗೊತ್ತಿಲ್ಲದೆ ಆದದ್ದು, ನೀನು ಕೊರಗಬೇಡ ಎಂದು ನನಗೇ ಸಮಾಧಾನ ಹೇಳಿದರು. ಅಂದೇ ನಾನು ಕೊಟ್ಟಿದ್ದ ಐದು ನಕ್ಷತ್ರ ಅಳಿಸಿ ನಡೆದದ್ದನ್ನು ಬರೆದೆ. ಎರಡು ದಿನಕ್ಕೆ ರೆಸ್ಟೋರೆಂಟ್‌ನಿಂದ ಕರೆ ಬಂತು. ಬರೆದದ್ದನ್ನು ತೆಗೆದರೆ ನಾಲ್ವರಿಗೆ ಉಚಿತ ಊಟ ಎಂದರು. ಊಟ ಬೇಡ, ಆ ಸಿಹಿಗೆ ಈಗ ಏನು ಹಾಕುತ್ತಿದ್ದೀರಿ, ಅಷ್ಟು ಹೇಳಿ ಎಂದೆ. ಅಡುಗೆಮನೆಯಲ್ಲಿ ವಿಚಾರಿಸಿ ತಿಳಿಸುತ್ತೇವೆ ಎಂದರು. ಇಂದಿಗೆ ಹನ್ನೊಂದು ದಿನ. ಮತ್ತೆ ಕರೆ ಬಂದಿಲ್ಲ.